ಪಿತೃಪಕ್ಷದಲ್ಲಿ ಕೋಡಿ ಬಿದ್ದ ನೀರು

ಆ ಡ್ಯಾಮಿನ ತಂಟೆಯೆಲ್ಲ ಶುರುವಾದದ್ದು ಶಂಕರಪುರಂನ ನಮ್ಮ ಅಡುಗೆಮನೆಯಲ್ಲಿ ಎಂದರೆ ಯಾರೂ ನಂಬುವುದಿಲ್ಲ. ಡ್ಯಾಮು ಇದ್ದದ್ದು ಬೆಂಗಳೂರಿನಿಂದ ಎರಡು ಗಂಟೆ ದೂರದಲ್ಲಿ. ನಮ್ಮ ಯಜಮಾನರು ಅದರ ಉಸ್ತುವಾರಿಯ ಇಂಜಿನಿಯರು. ಸರ್ಕಾರಿ ಕಾಗದದಲ್ಲಿ ಅದನ್ನು ಜಲಾಶಯ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು, ನನ್ನ ಕಣ್ಣಿಗೆ ಅದು ಸ್ವಲ್ಪ ದೊಡ್ಡ ಕೆರೆ. ಉದ್ದಕ್ಕೆ ಒಂದು ಮಣ್ಣಿನ ಏರಿ. ಅದರ ಒಂದು ತುದಿಯಲ್ಲಿ, ಹೆಚ್ಚಾದ ನೀರು ಹರಿದು ಹೋಗಲಿ ಎಂದು ತಗ್ಗಾಗಿ ಕಟ್ಟಿದ ಕಲ್ಲಿನ ಕೋಡಿ. ಏರಿಯ ಕೆಳಗೇ ಒಂದು ಊರು. ತೊಂಬತ್ತರ ದಶಕದ ಬಹುಪಾಲು ಅದರಲ್ಲಿ ನೀರಿಗಿಂತ ಎಮ್ಮೆಗಳೇ ಜಾಸ್ತಿ ಇದ್ದವು. ಅಂಥ ಡ್ಯಾಮು ನೋಡಿಕೊಳ್ಳುವವರ ಹೆಂಡತಿಯಾಗಿ ನಾನು ನೆಮ್ಮದಿಯಾಗಿದ್ದೆ.

ಆ ದಶಕದ ಕೊನೆಯಲ್ಲಿ ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಡ್ಯಾಮು ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದರೆ ಬಾಗಿನ ಕೊಡಬೇಕು. ಗಂಗಮ್ಮ ಎಂದರೆ ತವರಿಗೆ ಬಂದ ಮಗಳು, ಮುತ್ತೈದೆ. ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಇಟ್ಟು ನೀರಿಗೆ ಬಿಡುವುದು ಪದ್ಧತಿ. ಆ ಕಡೆಯ ದೊಡ್ಡ ಮನುಷ್ಯರೊಬ್ಬರು, ಅಧಿಕಾರದಲ್ಲಿದ್ದವರು, ಹೆಂಡತಿಯ ಜೊತೆ ಬಂದು ತಾವೇ ಬಾಗಿನ ಕೊಡುವುದಾಗಿ ಹೇಳಿ ಕಳಿಸಿದರು. ಒಳ್ಳೆಯ ದಿನ ಯಾವುದು ಎಂದು ಮೇಲಿನ ಅಧಿಕಾರಿ ನಮ್ಮ ಯಜಮಾನರನ್ನು ಕೇಳಿದರು. ನಮ್ಮ ಯಜಮಾನರು ಅವರ ತಾಯಿಯನ್ನು ಕೇಳಿದರು. ನಮ್ಮ ಬೀದಿಯಲ್ಲಿ ಗೃಹಪ್ರವೇಶದಿಂದ ಹಿಡಿದು ಹಲ್ಲು ಕೀಳಿಸುವವರೆಗೆ ಎಲ್ಲದಕ್ಕೂ ಪಂಚಾಂಗ ನೋಡಿ ದಿನ ಹೇಳುತ್ತಿದ್ದವರು ನಮ್ಮತ್ತೆಯೇ.

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಈಗ ಪಿತೃಪಕ್ಷ ಕಣೋ. ಸತ್ತವರ ಪಕ್ಷದಲ್ಲಿ ಮುತ್ತೈದೆಗೆ ಬಾಗಿನ ಕೊಡ್ತಾರೇನೋ? ಮಹಾಲಯ ಅಮಾವಾಸ್ಯೆ ಕಳೀಲಿ. ನವರಾತ್ರಿ ಶುಕ್ರವಾರ ಇಟ್ಕೋ.”

“ಅಮ್ಮ, ನೀರು ಕೋಡಿ ಬಿದ್ದಿರೋದು ಈಗ. ಅಷ್ಟು ಹೊತ್ತಿಗೆ ಇಳಿದುಹೋದ್ರೆ?”

“ಇಳಿದ್ರೆ ಇಳೀತು. ಅದಕ್ಕೆ ನಾನೇನು ಮಾಡ್ಲಿ?”

ಹೀಗೆ ಶುಕ್ರವಾರ ಗಟ್ಟಿಯಾಯಿತು. ಸರ್ಕಾರದಲ್ಲಿ ಎಲ್ಲದಕ್ಕೂ ಒಬ್ಬರಾದರೂ ತಕರಾರು ತೆಗೆಯುತ್ತಾರೆ, ಈ ದಿನಕ್ಕೆ ಮಾತ್ರ ಯಾರೂ ತೆಗೆಯಲಿಲ್ಲ.

ಆದರೆ ಊರಿನಲ್ಲಿ ಬಾಗಿನಕ್ಕೆಂದು ಒಂದು ಸಮಿತಿ ಆಗಿತ್ತು. ಅದರ ಅಧ್ಯಕ್ಷರಿಗೂ ನಮ್ಮ ಯಜಮಾನರಿಗೆ ಬಂದ ಅನುಮಾನವೇ ಬಂತು. ದೊಡ್ಡವರು ಬಂದ ದಿನ ಕೋಡಿ ಒಣಗಿದ್ದರೆ ಊರಿನ ಮಾನ ಏನಾಗಬೇಕು? ಅವರು ಊರಿನ ಹುಡುಗರನ್ನು ಸೇರಿಸಿ ಕೋಡಿಯ ಉದ್ದಕ್ಕೂ ಮೊಣಕಾಲೆತ್ತರಕ್ಕೆ ಮರಳು ಮೂಟೆ ಪೇರಿಸಿಬಿಟ್ಟರು. ಶುಕ್ರವಾರದವರೆಗೆ ನೀರು ಅಲ್ಲೇ ನಿಲ್ಲಲಿ, ದೊಡ್ಡವರ ಕಾರು ಕಂಡ ಕೂಡಲೇ ಮೂಟೆ ಎಳೆದರೆ ನೀರು ಭೋರ್ಗರೆಯುತ್ತದೆ, ಫೋಟೋಗೂ ಚೆನ್ನ ಎನ್ನುವುದು ಅವರ ಲೆಕ್ಕಾಚಾರ. ಪಿತೃಪಕ್ಷ ಮುಗಿಯುವ ತನಕ ಹೊಳೆಯನ್ನು ಹಿಡಿದಿಡಬಹುದು ಎನ್ನುವ ಬುದ್ಧಿ ನಮ್ಮ ಜನಕ್ಕಲ್ಲದೆ ಇನ್ಯಾರಿಗೆ ಬಂದೀತು.

ಸೋಮವಾರ ನಮ್ಮ ಯಜಮಾನರು ಅದನ್ನು ನೋಡಿಕೊಂಡು ಬಂದರು. ಮೂಟೆ ತೆಗೆಯಿರಿ ಎಂದರೆ ಅಧ್ಯಕ್ಷರು ಕೈಮುಗಿದು ಎಳನೀರು ಕೊಟ್ಟರಂತೆ. ಮೇಲಿನ ಅಧಿಕಾರಿಗೆ ಫೋನ್ ಮಾಡಿದರೆ, “ಶುಕ್ರವಾರದವರೆಗೆ ತಾನೇ, ಅಡ್ಜಸ್ಟ್ ಮಾಡ್ಕೊಳ್ರೀ. ಅವತ್ತು ಕೋಡಿಯಲ್ಲಿ ನೀರಿಲ್ಲ ಅಂದ್ರೆ ನೀವೇ ಉತ್ತರ ಹೇಳ್ಬೇಕಾಗುತ್ತೆ,” ಎಂದರಂತೆ. ಆಮೇಲೆ ಎರಡು ದಿನ ನಮ್ಮ ಯಜಮಾನರು ಸಾರನ್ನ ಕಲಸಿ, ಕಲಸಿದ್ದನ್ನೇ ನೋಡುತ್ತಾ ಕೂತರು. ಮಂಗಳವಾರ ಸಂಜೆ ನಮ್ಮ ಬಸವನಗುಡಿಯ ಕಡೆಯೇ ಮೋಡ ಕಪ್ಪಗೆ ಇಳಿದಿತ್ತು.

ಬುಧವಾರ ಮಹಾಲಯ ಅಮಾವಾಸ್ಯೆ, ರಜೆ. ತಂದೆಗೆ ತರ್ಪಣ ಕೊಟ್ಟು ಬಂದು ಕೂತ ಮಗನನ್ನು ಅತ್ತೆ ನೇರವಾಗಿ ಕೇಳಿದರು.

“ಏನೋ ಆಗಿದೆ ನಿಂಗೆ?”

ಅವರು ಹೇಳಿದರು. ಏರಿ ಮಣ್ಣಿನದು. ನೀರು ಅದಕ್ಕೆ ಒರಗಿಕೊಂಡು ನಿಂತಿರುವಷ್ಟು ಕಾಲ ಏನೂ ಆಗುವುದಿಲ್ಲ. ಕೋಡಿ ಮುಚ್ಚಿರುವಾಗ ಒಂದು ಜೋರು ಮಳೆ ಬಂದು ನೀರು ಏರಿಯ ಮೇಲೆ ಹತ್ತಿ ಆ ಕಡೆ ಇಳಿಯಿತೋ, ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಹಿಂದೆಯೇ ಊರೂ ಹೋಗುತ್ತದೆ. ಮೂಟೆ ತೆಗೆದರೆ ಶುಕ್ರವಾರದ ಹೊತ್ತಿಗೆ ಕೋಡಿ ಒಣಗಿರುತ್ತದೆ, ಆಗ ಇವರ ಕಥೆ ಮುಗಿಯಿತು.

ಅತ್ತೆಯ ಮುಖ ಸಣ್ಣಗಾಯಿತು.

“ನಾನು ದಿನ ಹೇಳಿದ್ದು ಬಾಗಿನಕ್ಕೆ ಕಣೋ,” ಎಂದರು. ಮತ್ತೆ, “ಬಾಗಿನ ಕೊಡ್ತೀವಿ ಅಂತ ಮಗಳನ್ನ ಮನೆಗೆ ಕರೆದು, ಹೊರಗೆ ಹೋಗೋ ಬಾಗಿಲಿಗೆ ಅಗಳಿ ಹಾಕ್ತಾರೇನೋ?” ಎಂದರು.

ನಮ್ಮ ಯಜಮಾನರು ಚಿಲ್ಲರೆ ಕೊಡದ ಬಸ್ ಕಂಡಕ್ಟರನ್ನೂ ಎದುರು ಹಾಕಿಕೊಂಡವರಲ್ಲ. ಆ ದಿನ ಎದ್ದು ಪ್ಯಾಂಟು ಹಾಕಿಕೊಂಡರು, ಅಡುಗೆಮನೆಯಿಂದ ತರಕಾರಿ ಹೆಚ್ಚುವ ಚಾಕು ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡರು. ಚಾಕು ಹಿಡಿದು ಹೊರಟ ಗಂಡನನ್ನು ಒಬ್ಬರನ್ನೇ ಕಳಿಸುವುದು ಹೇಗೆಂದು ನಾನೂ ಹೊರಟೆ. ಜೀಪಿನ ಡ್ರೈವರಿಗೂ ಅಮಾವಾಸ್ಯೆ ಇತ್ತು, ಕಲಾಸಿಪಾಳ್ಯದಲ್ಲಿ ಬಸ್ ಹತ್ತಿದೆವು.

ಕೋಡಿಯ ಹತ್ತಿರ ನರಪಿಳ್ಳೆ ಇರಲಿಲ್ಲ. ಇಡೀ ಊರು ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿತ್ತು, ವಡೆ ಕರಿಯುವ ವಾಸನೆ ಏರಿಯ ಮೇಲಿನವರೆಗೆ ಬರುತ್ತಿತ್ತು. ನೀರು ಮೂಟೆಗಳ ತುಟಿಗೆ ಬಂದಿತ್ತು. ನೆನೆದ ಮರಳು ಮೂಟೆಯನ್ನು ಎತ್ತಲು ನಮ್ಮಿಬ್ಬರಿಂದ ಆಗುವ ಮಾತೇ ಅಲ್ಲ. ಅವರು ಆ ತುದಿಗೆ ಹೋಗಿ ಒಂದೊಂದೇ ಮೂಟೆಯ ಹೊಟ್ಟೆ ಸೀಳುತ್ತಾ ಈ ದಡಕ್ಕೆ ಬಂದರು. ಮರಳನ್ನು ನೀರೇ ಹೊತ್ತುಕೊಂಡು ಹೋಯಿತು. ಕೊನೆಯ ಮೂಟೆಗಳ ಹೊತ್ತಿಗೆ ನಾನು ದಡದಲ್ಲಿ ಕೂತು ಅವರ ಷರಟಿನ ಹಿಂಭಾಗ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಣೆಕಟ್ಟಿನ ಸುರಕ್ಷತೆಗೆ ನನ್ನ ಕೊಡುಗೆ ಅಷ್ಟೇ.

ನೀರಿನ ಸದ್ದು ಕೇಳಿ ಅಧ್ಯಕ್ಷರು ಎಂಜಲು ಕೈಯಲ್ಲೇ ಓಡಿ ಬಂದರು.

“ಏನ್ ಸಾ ಇಂಗ್ ಮಾಡ್ಬುಟ್ರಿ! ಶುಕ್ರುವಾರ ಅವ್ರಿಗೆ ಏನ್ ತೋರ್ಸಾನ ಸಾ?”

ನಮ್ಮ ಯಜಮಾನರು ಚಾಕು ಒರೆಸುತ್ತಾ ನಿಂತರು. ಅಧ್ಯಕ್ಷರು ಬಸ್ಸಿನವರೆಗೆ ಬೈದುಕೊಂಡೇ ಬಂದು, ಹಬ್ಬದ ದಿನ ಬರಿಗೈಲಿ ಕಳಿಸಬಾರದೆಂದು ಎರಡು ಬಾಳೆಹಣ್ಣು ಕೊಟ್ಟು, ಮತ್ತೆ ಬೈದರು.

ಆ ರಾತ್ರಿ ಡ್ಯಾಮಿನ ಮೇಲಿನ ಹಳ್ಳಿಗಳಲ್ಲಿ ಮಳೆ ಸುರಿಯಿತು. ಗುರುವಾರ ನಿಂತಿತು. ಗುರುವಾರವೇ ನಾನು ಆ ಬಾಗಿನಕ್ಕೆಂದು ಗಾಂಧಿ ಬಜಾರಿನಲ್ಲಿ ಮೊರ, ನಗರ್ತಪೇಟೆಯಲ್ಲಿ ಬಳೆ ಕೊಂಡೆ. ಪಕ್ಷ ಮುಗಿಯುವವರೆಗೆ ಅವನ್ನು ಕೊಳ್ಳಲು ಅತ್ತೆ ಬಿಟ್ಟಿರಲಿಲ್ಲ.

ಶುಕ್ರವಾರ ಕೋಡಿಯ ಕಲ್ಲು ಒದ್ದೆಯಾಗಿತ್ತು, ಅದರ ಮೇಲೆ ಹೇಳಿಕೊಳ್ಳುವಂಥ ನೀರೇನೂ ಇರಲಿಲ್ಲ. ದೊಡ್ಡವರು ಕಾರಿನಿಂದಿಳಿದು, “ಕೋಡಿ ಬಿದ್ದಿದೆ ಅಂದ್ರಲ್ರೀ?” ಎಂದರು. ಮೇಲಿನ ಅಧಿಕಾರಿ ನಮ್ಮ ಯಜಮಾನರ ಕಡೆ ನೋಡಿದರು. ಅಧ್ಯಕ್ಷರೂ ನೋಡಿದರು. ಎಲ್ಲರೂ ನೋಡಿದ್ದಾದ ಮೇಲೆ ಬಾಗಿನ ಬಿಟ್ಟರು. ಮೊರ ಮುಂದಕ್ಕೆ ಹೋಗದೆ ಮೂರು ಸಲ ದಡಕ್ಕೇ ಬಂತು, ಕೊನೆಗೆ ಒಬ್ಬರು ಕೋಲಿನಿಂದ ತಳ್ಳಿದರು.

ಆ ಗದ್ದಲದಲ್ಲಿ ನಮ್ಮ ಯಜಮಾನರು ನನ್ನನ್ನು ಏರಿಯ ಒಳಮೈಯ ಕಡೆ ಕರೆದುಕೊಂಡು ಹೋದರು. ಬುಧವಾರದ ಮಳೆಯ ನೀರು ಎಷ್ಟು ಎತ್ತರಕ್ಕೆ ಬಂದಿತ್ತೋ ಅಲ್ಲಿ ಕಸಕಡ್ಡಿಯ ಗೆರೆ ನಿಂತಿತ್ತು. ಗೆರೆಯಿಂದ ಏರಿಯ ತಲೆಗೆ ನನ್ನ ಒಂದು ಗೇಣು. ಮೂಟೆಗಳು ಮೊಣಕಾಲೆತ್ತರ ಇದ್ದವು. ನನಗೆ ಲೆಕ್ಕ ಬರುವುದಿಲ್ಲ, ಆದರೆ ಇಷ್ಟು ಲೆಕ್ಕಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಮೂಟೆ ಹಾಗೇ ಇದ್ದಿದ್ದರೆ ನೀರು ಏರಿಯನ್ನು ದಾಟುತ್ತಿತ್ತು.

“ಇದನ್ನ ಅವರಿಗೆಲ್ಲ ತೋರಿಸ್ರೀ,” ಎಂದೆ.

“ಕಸ ಏನು ತೋರಿಸ್ಲಿ ಕಣೇ, ಹಬ್ಬದ ದಿನ,” ಎಂದರು.

ದಸರೆ ಮುಗಿಯುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಊರು ಬಿಟ್ಟು ಹೋಗಬೇಕಾದದ್ದೇನಲ್ಲ, ಬೆಂಗಳೂರಿನಲ್ಲೇ ಹಳೆಯ ನಕ್ಷೆಗಳನ್ನು ಇಟ್ಟಿದ್ದ ಕೋಣೆಗೆ. ನಿವೃತ್ತಿಯವರೆಗೆ ಅಲ್ಲೇ ಇದ್ದರು. ಇಂಥವರು ನೀರು ಪೋಲು ಮಾಡಿದ ಇಂಜಿನಿಯರು ಎಂಬ ಹೆಸರು ಮಾತ್ರ ಜೊತೆಗೇ ಬಂತು. ನನಗೆ ಬಹಳ ವರ್ಷ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಆಗದೇ ಹೋದ ಅನಾಹುತವನ್ನು ಕರೆದುಕೊಂಡು ಬಂದು ಯಾರ ಮುಂದೆ ನಿಲ್ಲಿಸುವುದು? ಅತ್ತೆ ಆಮೇಲೆ ಯಾರಿಗೂ ದಿನ ನೋಡಿಕೊಡಲಿಲ್ಲ. ಕೇಳಿ ಬಂದವರಿಗೆ, ಕನ್ನಡಕ ಸರಿಯಿಲ್ಲ ಎನ್ನುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ, ಎರಡು ಸಾವಿರದ ಈಚೆಗೆ, ಅವೆನ್ಯೂ ರಸ್ತೆಯಲ್ಲಿ ಲಗ್ನಪತ್ರಿಕೆ ಮಾರುವ ಅಂಗಡಿಯಲ್ಲಿ ಒಬ್ಬರು ನನ್ನನ್ನು ದಿಟ್ಟಿಸಿ ನೋಡಿದರು. ಆ ಅಧ್ಯಕ್ಷರೇ. ಕೂದಲು ಪೂರ್ತಿ ನೆರೆತಿತ್ತು, ಗಂಟಲು ಹಾಗೇ ಇತ್ತು.

“ಇಂಜಿನಿಯರ್ ಮನೆಯೋರಲ್ವಾ? ನಿಮ್ಮೆಜಮಾನ್ರು ಅವತ್ತು ನಮ್ಮೂರ ಮಾನ ಕಳದ್ಬುಟ್ರು ಕಣವ್ವಾ. ಆಮ್ಯಾಕೆ ನಮ್ಮೂರ್ ಕಡೀಕೆ ಒಬ್ ದೊಡ್ಡೋರೂ ತಲೆ ಹಾಕಿಲ್ಲ!” ಎಂದು ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಬೈದರು. ಬೈದು ಮುಗಿಸಿ, ಮಗಳ ಮದುವೆಯ ಪತ್ರಿಕೆಯ ಕಟ್ಟು ಬಿಚ್ಚಿ ಒಂದನ್ನು ನನ್ನ ಕೈಗೆ ಕೊಟ್ಟು, ತಪ್ಪದೇ ಬರಬೇಕು ಎಂದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ.

“ತುಂಬಾ ಬೈದ್ರಾ?”

“ಅಂಗಡಿ ತುಂಬಾ ಕೇಳಿಸೋ ಹಾಗೆ.”

“ಆರೋಗ್ಯವಾಗಿದಾರೆ ಅಂತಾಯ್ತು,” ಎಂದು ಪತ್ರಿಕೆ ಬಿಡಿಸಿದರು. ಮದುವೆ ಊರಿನಲ್ಲೇ, ಏರಿಯ ಕೆಳಗಿನ ಮನೆಯ ಮುಂದೆ ಚಪ್ಪರ. ತಳದಲ್ಲಿ, ನಮ್ಮ ಚಿಕ್ಕಮ್ಮನ ಮದುವೆಗೆ ಎಲ್ಲರೂ ಬನ್ನಿ ಬನ್ನಿ ಎಂದು ಪುಟಾಣಿ ಅಕ್ಷರದಲ್ಲಿ ಅಚ್ಚು ಹಾಕಿಸಿ ಮನೆಯ ಮಕ್ಕಳ ಹೆಸರು ಸಾಲಾಗಿ ಕೊಟ್ಟಿದ್ದರು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಕೆಳಗೆ ಬೆರಳಿಟ್ಟು ಓದಿದರು.

“ಇವರೆಲ್ಲ ಆಮೇಲೆ ಹುಟ್ಟಿದವರು ಕಣೇ,” ಎಂದರು.

ನಾನು ಅಷ್ಟು ವರ್ಷದಲ್ಲಿ ಒಂದು ಸಲವೂ ಅತ್ತಿರಲಿಲ್ಲ. ಆಗ ಅತ್ತುಬಿಟ್ಟೆ.