ತೂಕದ ಮೇಲೊಂದು ಹಿಡಿ

ಇಲ್ಲ, ಆ ದಿನ ಮಿಲ್ಲಿನ ಯಂತ್ರ ನಿಂತಿತ್ತು ಎಂದು ನಾನು ಇಷ್ಟು ದಿನ ಹೇಳಿಕೊಂಡು ಬಂದಿರುವುದೇ ಸುಳ್ಳಿರಬಹುದು. ಆದರೆ ಯಂತ್ರ ನಿಂತಿರದಿದ್ದರೆ ಫೋನಿನಲ್ಲಿ ಆ ಹೆಂಗಸಿನ ಮಾತು ಕೇಳಿಸಿದ್ದು ಹೇಗೆ? ಹಾಗಾಗಿ ನಿಂತಿತ್ತು ಎಂದೇ ಇಟ್ಟುಕೊಂಡಿದ್ದೇನೆ. ಬೇಕಾದದ್ದನ್ನು ಮೊದಲು ಇಟ್ಟು ಕಾರಣವನ್ನು ಆಮೇಲೆ ಹುಡುಕುವ ಈ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು.

ಮಿಲ್ಲು ಇದ್ದದ್ದು ಖರೇ. ಕಮಲಾಪುರದ ಹೊರಗೆ, ತೊಗರಿ ಒಡೆದು ಬೇಳೆ ಮಾಡುವ ಚಿಕ್ಕ ಮಿಲ್ಲು. ಅದರ ಒಡತಿಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಹೊರಕೋಣೆಯಲ್ಲಿ ಕೂತು ಅನುವಾದ ಮಾಡುತ್ತಿದ್ದೆ. ಪುಣೆಯಲ್ಲಿ ಕಲಿತ ಜರ್ಮನ್ ಈ ಊರಿನಲ್ಲಿ ಯಾರಿಗೆ ಬೇಕು ಎಂದು ಮನೆಯವರು ನಗುತ್ತಿದ್ದಾಗಲೇ, ಹೊರದೇಶಕ್ಕೆ ಸರಕು ಕಳಿಸುವ ಆಸೆಯ ವ್ಯಾಪಾರಿಗಳು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದ್ದರು. ಮೊದಲು ಪಾಕೀಟಿಗೆ ಅಂಟಿಸುವ ಚೀಟಿ, ಆಮೇಲೆ ಪತ್ರ, ಕೊನೆಗೆ ಫೋನಿನಲ್ಲಿ ಇಬ್ಬರ ನಡುವೆ ಕೂತು ಮಾತು ದಾಟಿಸುವ ಕೆಲಸ.

ಅಕ್ಕಾರ ಬೇಳೆಗೆ ಜರ್ಮನಿಯ ಒಬ್ಬ ಅಂಗಡಿಯಾಕೆ ಮಾದರಿ ಪಾಕೀಟು ತರಿಸಿಕೊಂಡಿದ್ದಳು. ಹಿಡಿಸಿದರೆ ಆರ್ಡರು. ಅಕ್ಕಾರ ಬೇಳೆ ಅಲ್ಲಿಯತನಕ ದಲಾಲರ ಚೀಲದಲ್ಲಿ ದಲಾಲರ ಹೆಸರಿನಲ್ಲಿ ಹೋಗುತ್ತಿತ್ತು. ತಮ್ಮ ಮಿಲ್ಲಿನ ಹೆಸರು ಹೊತ್ತು ಒಂದು ಸಲವಾದರೂ ಹೋಗಲಿ ಎನ್ನುವುದು ಅವರ ಬಹಳ ದಿನದ ಆಸೆ. ಅದು ಈ ಪಾಕೀಟುಗಳ ಮೇಲೆ ನಿಂತಿತ್ತು.

ಆ ದಿನ ಮಾತು ದಾಟಿಸಲು ನಾನು ಮಿಲ್ಲಿಗೇ ಹೋಗಿ ಕೂತಿದ್ದೆ. ಫೋನು ಬಂತು. ಅಂಗಡಿಯಾಕೆ ಎಲ್ಲ ಪಾಕೀಟು ತೂಗಿ ನೋಡಿದ್ದಳು. ಚೀಟಿಯಲ್ಲಿ ಬರೆದದ್ದಕ್ಕಿಂತ ಎಲ್ಲದರಲ್ಲೂ ಹೆಚ್ಚಿತ್ತು. ನಿಮ್ಮ ತಕ್ಕಡಿ ಕೆಟ್ಟಿದೆಯೇ ಎಂದು ಕೇಳಿದಳು. ಈಗ ಆಕೆಯ ಮಾತೆಲ್ಲ ನನಗೆ ಕನ್ನಡದಲ್ಲೇ ನೆನಪಿದೆ. ಮೂಲ ಮಾತು ಒಂದೂ ಉಳಿದಿಲ್ಲ.

“ಏನ್ ಅಂತಾಳ್ರೀ ಬಾಯಾರ?” ಎಂದರು ಅಕ್ಕಾರು. ಕಲಿತ ಹೆಂಗಸು ಎಂದು ನನ್ನನ್ನು ಹಾಗೆ ಕರೆಯುತ್ತಿದ್ದರು.

“ಪಾಕೀಟಿನ್ಯಾಗ ತೂಕ ಹೆಚ್ಚ ಅದ ಅಂತಾಳ್ರೀ. ಒಂದೊಂದ್ರಾಗ ಒಂದೊಂದ್ ನಮೂನಿ ಅದ ಅಂತ.”

“ಹೆಚ್ಚ ಇರದೇ ಏನ್ರೀ? ಕೊಸರು ಹಾಕೀನಲ್ಲ!”

“ಯಾವಾಗ ಹಾಕಿದ್ರಿ?”

“ಕಾಟಾದ ಮ್ಯಾಲಿಂದ ಇಳಿಸಿದ ಮ್ಯಾಲ. ಕಾಟಾದ ಮ್ಯಾಲೇ ಹಾಕಿದ್ರ ಅದು ಕೊಸರು ಹೆಂಗ ಆಗ್ತದ? ತೂಕ ಆಗ್ತದ.”

ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆ ಅಂದಳು: “ಆಕೀಗಿ ಹೆಚ್ಚ ಆಗಿದ್ರ ನಮ್ಗ ವಾಪಸ್ ಕಳಸಂತ ಹೇಳ್ರೀ.”

ತೂಕ ಮುಗಿದ ಮೇಲೆ ಸುಮ್ಮನೆ ಹಾಕುವ ಈ ಕೊಸರು ನನಗೆ ಹೊಸದಲ್ಲ. ಕೋಟೆಯ ಕಡೆಯ ಸಂತೆಯಲ್ಲಿ ಅವ್ವ ತೂಕ ಮುಗಿದ ಮೇಲೂ ಚೀಲದ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದಳು. ಕಾಯಿಪಲ್ಲೆಯವನು ಮೇಲೆ ಎರಡು ಹಸಿಮೆಣಸಿನಕಾಯಿ ಎಸೆದು, “ಬಸ್ ಕರೋ ಅಮ್ಮಾ, ನಮ್ ಮನೀ ಮುಳಗಸ್ತೀರೇನ್ರೀ?” ಎನ್ನುತ್ತಿದ್ದ. “ನಾಳಿ ನಾ ಬರಬ್ಯಾಡೇನು?” ಎನ್ನುವಳು ಅವ್ವ. ಕೊತ್ತಂಬರಿಯೂ ಬೀಳುತ್ತಿತ್ತು. ಬೀಳದೆ ಇದ್ದ ದಿನ ಇತ್ತೇ? ಇದ್ದಿರಬೇಕು. ಅವನ್ನು ನಾನು ಉಳಿಸಿಕೊಂಡಿಲ್ಲ.

ಇದನ್ನು ಜರ್ಮನ್‌ನಲ್ಲಿ ಹೇಳಬೇಕಿತ್ತು. ಉಡುಗೊರೆ ಎಂದೆ. ಹಾಗಿದ್ದರೆ ಚೀಟಿಯಲ್ಲಿ ಏಕೆ ಬರೆದಿಲ್ಲ ಎಂದಳು ಅಂಗಡಿಯಾಕೆ. ರಿಯಾಯಿತಿ ಇದ್ದ ಹಾಗೆ ಎಂದೆ. ಹಾಗಿದ್ದರೆ ದರವನ್ನೇ ಇಳಿಸಿ ಎಂದಳು. ಅಕ್ಕಾರಿಗೆ ಸಿಟ್ಟು ಬಂತು.

“ರೊಕ್ಕದಾಗ ಹಿಡದ್ರ ಅದು ಕೊಸರೇ ಅಲ್ಲ ಅನ್ರಿ.”

ನಾನು ಹೇಳಿದೆ. ಅವ್ವನ ಚೀಲ, ಕೊತ್ತಂಬರಿ ಎಲ್ಲವನ್ನೂ ಸೇರಿಸಿದೆನೆಂದು ಕಾಣುತ್ತದೆ, ಏಕೆಂದರೆ ಅಕ್ಕಾರು ನನ್ನನ್ನೇ ದಿಟ್ಟಿಸಿದರು.

“ನಾ ಅಂದಿದ್ದು ಇಷ್ಟೇ ಇಷ್ಟು. ನೀವು ಅಷ್ಟುದ್ದ ಏನ್ ಹೇಳಿದ್ರೀ?”

ಅಂಗಡಿಯಾಕೆ ಕೊನೆಗೆ ಹೇಳಿದ್ದು ಸರಳವಾಗಿತ್ತು. ತೂಕವೇ ಬರೆದಂತೆ ಇಲ್ಲದಿದ್ದರೆ ಚೀಟಿಯ ಮೇಲಿನ ಉಳಿದದ್ದನ್ನು, ಬೇಳೆ ಎಲ್ಲಿಯದು, ಯಾರದು ಎನ್ನುವುದನ್ನು, ನನ್ನ ಗಿರಾಕಿಗಳು ಹೇಗೆ ನಂಬಬೇಕು? ಬರೆದಷ್ಟೇ ತುಂಬಿ ಕಳಿಸಿದರೆ ಆರ್ಡರು ಕೊಡುತ್ತೇನೆ, ಇಲ್ಲದಿದ್ದರೆ ಬೇಡ.

ಅಕ್ಕಾರು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. “ಕಡಿಮಿ ಬಿತ್ತು ಅಂತ ಜಗಳಾಡೋ ಗಿರಾಕಿ ನೋಡೀನಿ. ಹೆಚ್ಚ ಕೊಟ್ಟಿದ್ದಕ್ಕ ಫೋನ್ ಹಚ್ಚಿ ಬಯ್ಯಾಕಿ ಇಕೀನೇ ಮೊದಲ. ತೂಕಕ್ಕ ತೂಕ ಕೊಟ್ಟು ಕಳಸೋದಂದ್ರ, ಮತ್ತ ಬರಬ್ಯಾಡ ಅಂದಂಗ ಆಗ್ತದ್ರಿ ಬಾಯಾರ.” ಆಮೇಲೆ, “ಹೂಂ ಅನ್ರಿ” ಎಂದರು.

ಹೂಂ ಎಂದೆ. ಫೋನು ಇಡುವ ಮುಂಚೆ ಆಕೆ, ಈಗ ಬಂದಿರುವ ಹೆಚ್ಚಿನ ಬೇಳೆಯನ್ನು ಏನು ಮಾಡಲಿ ಎಂದು ಕೇಳಿದಳು.

“ಸಾರು ಮಾಡ್ಕೊಂಡು ಉಣ್ಣು ಅನ್ರಿ!”

ನಗು ಕೇಳಿಸಿತು. ಫೋನಿನಿಂದ ಬಂತೋ ಮೊರದವರ ಕಡೆಯಿಂದಲೋ ಹೇಳಲಾರೆ.

ಆರ್ಡರು ಬಂತು. ಹೊಸ ಚೀಟಿಗಳನ್ನು ಹಿಡಿದು ನಾನು ಬಸ್ಸಿಳಿದು ಹೋದಾಗ ಅಕ್ಕಾರು ಒಳಕೋಣೆಯಿಂದ ಕೈ ಚಾಚಿ ಚೀಟಿ ಇಸಿದುಕೊಂಡು ಬಾಗಿಲು ಮುಂದೆ ಮಾಡಿದರು. ಆ ಸಲ ಪಾಕೀಟು ತುಂಬಲು ಬೇರೆ ಯಾರನ್ನೂ ಬಿಡಲಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಕೆಂಪು ಬಾಳೆಹಣ್ಣು, ಹಾಲು ಹೆಚ್ಚಾದ ಚಹಾ, ತೊಗರಿ ಹೊಟ್ಟಿನ ಬಿಸಿ ವಾಸನೆ. ಈಗ ಅಲ್ಲಿ ಯಂತ್ರವೇ ತೂಗಿ ತುಂಬಿ ಬಾಯಿ ಮುಚ್ಚುತ್ತದೆ, ಮಾತು ದಾಟಿಸಲು ಅವರ ಕೈಯ ಮೊಬೈಲೇ ಸಾಕು. ನನಗೆ ಕಮಲಾಪುರದ ಬಸ್ಸು ಹತ್ತುವ ನೆಪ ಉಳಿದಿಲ್ಲ. ಕಳೆದುಕೊಂಡದ್ದು ಕೆಲಸವಲ್ಲ, ಆ ಕಟ್ಟೆ ಎಂದು ಕೆಲವು ಸಂಜೆ ಅನಿಸುತ್ತದೆ.

ಆ ದಿನ ಅಕ್ಕಾರು ಪಾಕೀಟು ತುಂಬಿ ಹೊರಗೆ ಬಂದಾಗ ಕೇಳಿದೆ: “ಕೊಸರು ಹಾಕಿಲ್ಲಲ್ರೀ ಅಕ್ಕಾರ?”

“ಚೀಟಿ ನೀವು ಬರ್ದೀರಿ, ಬ್ಯಾಳಿ ನಾ ತುಂಬೀನಿ. ಚಾ ಆರ್ತದ, ಕುಡೀರಿ.”

ಸರಕು ಹೋಯಿತು, ಮಿಲ್ಲಿನ ಹೆಸರು ಹೊತ್ತು. ಈ ಸಲ ದೂರು ಬರಲಿಲ್ಲ. ಮುಂದೆ ಮತ್ತೆ ಆರ್ಡರು ಬಂತು. ಅಕ್ಕಾರು ಬರೆದಷ್ಟೇ ತುಂಬಿದ್ದರೋ, ಅಥವಾ ಆ ಹೆಂಗಸೇ ತೂಗುವುದನ್ನು ಬಿಟ್ಟಳೋ, ನನಗೆ ಗೊತ್ತಿಲ್ಲ.