ಕೈ ಹಿಂದೆ ಕಟ್ಟಿಕೊಂಡು ವೃತ್ತ ಕಲಿಸುವ ಅಕ್ಕ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಸ್ಟಿಕ್ಕರ್ ಅಂಗಡಿಯ ಷಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಹೋಗುವವರೆಲ್ಲ ತಲೆ ತಗ್ಗಿಸಿಯೇ ಹೋಗಬೇಕು. ಮೂರು ಕಂಪ್ಯೂಟರುಗಳ ಮುಂದೆ ಆರು ಜನ ಕುಳಿತಿದ್ದಾರೆ, ಒಂದೊಂದಕ್ಕೆ ಇಬ್ಬರು. ಅವರ ಬೆನ್ನ ಹಿಂದೆ, ಸ್ವೆಟರಿನ ತೋಳು ಮೇಲಕ್ಕೇರಿಸಿದ ನಲವತ್ತೆರಡರ ಹೆಂಗಸೊಬ್ಬರು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದಾರೆ.

“ಶಿಫ್ಟ್ ಒತ್ತಿ ಹಿಡ್ಕೊಳ್ಳಿ. ಈಗ ಎಳೀರಿ. ಮೊದಲು ಮೌಸ್ ಬಿಡಬೇಕು, ಆಮೇಲೆ ಶಿಫ್ಟ್... ಅಯ್ಯೋ, ಅವಸರ ಮಾಡಿದ್ರಿ! ನೋಡಿ, ವೃತ್ತ ಹೋಗಿ ಮೊಟ್ಟೆ ಆಯ್ತು.”

ಬೀದಿಯವರು ಅವರನ್ನು ಕರೆಯುವುದು ಚೌಕದಕ್ಕ ಎಂದು. ಕಲಿಯಲು ಬಂದವರಿಂದ ಮೊದಲ ಎರಡು ದಿನ ಬರೀ ಚೌಕ ಬರೆಸುತ್ತಾರೆ, ದಿನಕ್ಕೆ ನಲವತ್ತು. ಮೂರನೆಯ ದಿನ ವೃತ್ತ. ತ್ರಿಕೋನ, ನಕ್ಷತ್ರಗಳ ಸರದಿ ಅದಾದ ಮೇಲೆಯೇ. ಒಂದು ಆಕಾರಕ್ಕೆ ಇನ್ನೊಂದನ್ನು ಬೆಸೆಯುವುದನ್ನು ತೋರಿಸುವ ಹೊತ್ತಿಗೆ ವಾರ ಮುಗಿದಿರುತ್ತದೆ. “ಬಂದ ದಿನಾನೇ ಗುಲಾಬಿ ಹೂವು ಬಿಡಿಸ್ಬೇಕು ಅಂತಾರೆ. ಗುಲಾಬಿ ಎಲ್ಲಿಗೂ ಓಡಿಹೋಗಲ್ಲ, ಮೊದಲು ಚೌಕ ನೆಟ್ಟಗೆ ಬರಲಿ ಅಂತೀನಿ,” ಎಂದು ನಗುತ್ತಾರೆ.

ಒಂಬತ್ತಕ್ಕೆ ಅಂಗಡಿಯ ಕೆಲಸ ಶುರು. ಅಲ್ಲಿಯವರೆಗೆ ಕಂಪ್ಯೂಟರುಗಳನ್ನು ಬಳಸಿಕೊಳ್ಳಲು ಯಜಮಾನರು ಬಿಟ್ಟಿದ್ದಾರೆ, ನೆಲ ಗುಡಿಸಿಟ್ಟಿರಬೇಕು ಎಂಬ ಒಂದೇ ಷರತ್ತಿನ ಮೇಲೆ. ಆಮೇಲೆ ಸಂಜೆ ಆರರವರೆಗೆ ಚೌಕದಕ್ಕ ಅಂಗಡಿಯ ಕೆಲಸಗಾರ್ತಿ. ಬಾಗಿಲ ಮೇಲಿನ ಹೆಸರು, ಗಾಜಿನ ಮೇಲಿನ ಸಮಯ, ವ್ಯಾನಿನ ಪಕ್ಕದ ಫೋನ್ ನಂಬರು, ಹೀಗೆ ದಿನಕ್ಕೆ ಮೂವತ್ತಾದರೂ ಸ್ಟಿಕ್ಕರುಗಳನ್ನು ಪರದೆಯ ಮೇಲೆ ಬರೆದು ಕತ್ತರಿಸುವ ಯಂತ್ರಕ್ಕೆ ಕಳಿಸುತ್ತಾರೆ. ಅಂಗಡಿಯ ಮೇಲಿನ ಎರಡು ಕೋಣೆಗಳೇ ಮನೆ. ಗಂಡ ಹಾಲಿನ ವ್ಯಾನ್ ಓಡಿಸುತ್ತಾರೆ, ನಾಲ್ಕಕ್ಕೇ ಹೊರಟುಬಿಡುತ್ತಾರೆ. ಮೊಣಕಾಲು ನೋವಿನ ಅತ್ತೆ ಕಿಟಕಿಯ ಪಕ್ಕ ಕುಳಿತು ಸೊಸೆಯ ಗುಣಗಾನ ಮಾಡುವ ಬಗೆಯೇ ಬೇರೆ: “ಊರೋರಿಗೆಲ್ಲಾ ಚೌಕ ಕಲಿಸ್ತಾಳೆ, ಮನೇಲಿ ಹೊದಿಕೆ ಮಡಿಸಿದ್ದು ಮಾತ್ರ ಸೊಟ್ಟ!”

ಹನ್ನೊಂದು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಕತ್ತರಿಸಿದ ಹಾಳೆಯಿಂದ ಬೇಡದ ಚೂರುಗಳನ್ನು ಉಗುರಿನಿಂದ ಕೀಳುವ ಕೆಲಸಕ್ಕೆ. ಆಗಿನ ಆಪರೇಟರು ಎಂದಾದರೊಮ್ಮೆ ಕುರ್ಚಿ ಬಿಟ್ಟುಕೊಟ್ಟರೂ, ಇವರು ಒಂದು ಗೆರೆ ಎಳೆಯುವಷ್ಟರಲ್ಲಿ “ಬಿಡಮ್ಮ, ನಾನೇ ಮಾಡ್ತೀನಿ” ಎಂದು ಮೌಸ್ ಕಿತ್ತುಕೊಳ್ಳುತ್ತಿದ್ದ. ಕದ್ದುಮುಚ್ಚಿ ನೋಡಿ ಕಲಿತ ವಿದ್ಯೆ ಒಮ್ಮೆ ಕೈಕೊಟ್ಟಿತು. ಒಂದು ಚಿಕಿತ್ಸಾಲಯಕ್ಕೆ ಬಾಣದ ಗುರುತು ಮಾಡುವಾಗ ತಲೆಯ ತ್ರಿಕೋನವನ್ನೂ ಹಿಂದಿನ ಪಟ್ಟಿಯನ್ನೂ ಬೆಸೆಯುವುದನ್ನು ಮರೆತರು. ಬ್ಲೇಡು ಎರಡನ್ನೂ ಬೇರೆಬೇರೆಯಾಗಿ ಕತ್ತರಿಸಿತು. “ಒಂದೇ ವಾರಕ್ಕೆ ಬಾಣದ ತಲೆಗಳೆಲ್ಲಾ ಉದುರಿಹೋದ್ವು. ಎಕ್ಸ್‌ರೇಗೆ ಬಂದೋರು ಅಡುಗೆಮನೆಗೆ ಹೋಗಿ ನಿಂತಿದ್ರಂತೆ,” ಎಂದು ಈಗ ನಗುತ್ತಾರೆ. ಅಂದು ಅತ್ತಿದ್ದರು.

ಅದಕ್ಕೇ ಅವರ ಕೈ ಸದಾ ಬೆನ್ನ ಹಿಂದೆ. ಕಲಿಯುವವರ ಮೌಸನ್ನು ಅವರು ಮುಟ್ಟುವುದಿಲ್ಲ. ಎಷ್ಟೇ ತಡವಾಗಲಿ, ಬಾಯಲ್ಲಿ ಹೇಳುತ್ತಾರೆ, ಕಾಯುತ್ತಾರೆ.

ಆ ನಿಯಮಕ್ಕೆ ಇಂದು ಪರೀಕ್ಷೆ. ಕೊನೆಯ ಕಂಪ್ಯೂಟರಿನ ಮುಂದೆ ಕುಳಿತಿರುವವರು ಐವತ್ತೆಂಟರ ಪೇಂಟರಣ್ಣ. ಮೂವತ್ತು ವರ್ಷ ಕುಂಚ ಹಿಡಿದು ಈ ಬೀದಿಯ ಬೋರ್ಡುಗಳನ್ನೆಲ್ಲ ಬರೆದವರು. ಸ್ಟಿಕ್ಕರ್ ಬಂದು ಅರ್ಧ ಕೆಲಸ ಹೋಯಿತು. ಹೋದ ವರ್ಷದ ಕಾಯಿಲೆಯಿಂದ ಬಲಗೈ ನಡುಗತೊಡಗಿ ಉಳಿದರ್ಧವೂ ಹೋಯಿತು. ಮೊದಲ ದಿನ ಅವರ ಚೌಕ ನೆಟ್ಟಗೆ ಬಂದಾಗ ಪರದೆಯನ್ನೇ ನೋಡುತ್ತಾ, “ಕೈ ನಡುಗಿದ್ರೂ ಗೆರೆ ನಡುಗಲ್ವಲ್ಲಮ್ಮ!” ಎಂದಿದ್ದರಂತೆ. ಅದೇ ಚಿಕಿತ್ಸಾಲಯಕ್ಕೆ ಈಗ ಹೊಸ ಬಾಣಗಳು ಬೇಕಾಗಿವೆ, ಹನ್ನೆರಡು. ಪೇಂಟರಣ್ಣ ಬರೆದದ್ದು ಸರಿಯಾಗಿ ಕತ್ತರಿಸಿ ಬಂದರೆ ನಾಳೆಯಿಂದಲೇ ಅಂಗಡಿಯಲ್ಲಿ ಕೆಲಸ ಎಂದು ಯಜಮಾನರು ಮಾತು ಕೊಟ್ಟಿದ್ದಾರೆ. ಇನ್ನೊಬ್ಬರ ಕೈ ಬಿದ್ದಿರಬಾರದು ಎಂದೂ ಹೇಳಿದ್ದಾರೆ.

ಎಂಟೂವರೆ. ಪೇಂಟರಣ್ಣನ ಬಾಣ ಪರದೆಯ ಮೇಲೆ ಚಂದವಾಗಿ ಮಲಗಿದೆ. ಹತ್ತಿರ ಬಂದ ಚೌಕದಕ್ಕನ ಬೆರಳುಗಳು ಬೆನ್ನ ಹಿಂದೆ ಬಿಗಿಯುತ್ತವೆ. ಬಾಣದ ಬಾಲ ಉದ್ದವಾಗಿ ಬಂದಿತ್ತು, ಅದನ್ನು ಪೇಂಟರಣ್ಣ ಗಿಡ್ಡ ಮಾಡಿಲ್ಲ. ಮೇಲೊಂದು ಬಿಳಿ ಚೌಕ ಇಟ್ಟು ಮುಚ್ಚಿದ್ದಾರೆ, ಹೇಳದೆ ನೆಂಟರು ಬಂದಾಗ ನಾವು ಬಟ್ಟೆಯ ರಾಶಿಯನ್ನು ಮಂಚದ ಕೆಳಗೆ ತಳ್ಳುವ ಹಾಗೆ. ಕಣ್ಣಿಗೆ ಏನೂ ಕಾಣದು. ಆದರೆ ಯಂತ್ರದ ಬ್ಲೇಡಿಗೆ ಬಣ್ಣ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು. ಕೆಳಗಿನ ಬಾಲವನ್ನೂ ಅದನ್ನು ಮುಚ್ಚಿದ ಚೌಕವನ್ನೂ ಅದು ಕತ್ತರಿಸುತ್ತದೆ.

ಸರಿಪಡಿಸಲು ಚೌಕದಕ್ಕನಿಗೆ ಅರ್ಧ ನಿಮಿಷ ಸಾಕು. ಮೌಸ್ ಒಂದು ಮೊಳ ದೂರದಲ್ಲಿದೆ. ಷಟರಿನಾಚೆ ಯಜಮಾನರ ಸ್ಕೂಟರ್ ನಿಂತ ಸದ್ದು.

“ಅಣ್ಣ, ಬಣ್ಣ ಎಲ್ಲಾ ತೆಗೆದು ಬರೀ ಗೆರೆ ನೋಡಿ ಒಂದ್ಸಲ.”

“ಯಾಕಮ್ಮ, ಚೆನ್ನಾಗಿಲ್ವಾ?”

“ಚೆನ್ನಾಗೇ ಇದೆ. ಆದ್ರೂ ನೋಡಿ.”

ಪೇಂಟರಣ್ಣ ಗೆರೆಯ ನೋಟಕ್ಕೆ ಬದಲಾಯಿಸುತ್ತಾರೆ. ಬಣ್ಣಗಳು ಮಾಯವಾಗಿ ಬಾಣದ ಎಲುಬೆಲ್ಲ ಹೊರಬೀಳುತ್ತದೆ, ಉದ್ದನೆಯ ಬಾಲವೂ ಅದರ ಮೇಲಿನ ಚೌಕವೂ. ಅವರು ಹಣೆ ಒತ್ತಿಕೊಳ್ಳುತ್ತಾರೆ. “ಮೂವತ್ತು ವರ್ಷದ ಚಾಳಿ ಕಣಮ್ಮ. ತಪ್ಪಾಯ್ತಾ, ಮೇಲೊಂದು ಕೋಟು ಬಿಳಿ ಹೊಡಿ!”

“ಇಲ್ಲಿ ಹೊಡೆಯೋದು ಬೇಡ, ಅಳಿಸೋದೇ. ನಿಧಾನಕ್ಕೆ ಮಾಡಿ.”

ಯಜಮಾನರು ತಲೆ ತಗ್ಗಿಸಿ ಒಳಬರುತ್ತಾರೆ, ಗಡಿಯಾರ ನೋಡುತ್ತಾರೆ. “ಆಯ್ತೇನ್ರೀ?” ನಡುಗುವ ಕೈ ಬಿಳಿ ಚೌಕವನ್ನು ಅಳಿಸುತ್ತದೆ. ಬಾಲವನ್ನು ಗಿಡ್ಡ ಮಾಡುವಾಗ ಎರಡು ಸಲ ತಪ್ಪುತ್ತದೆ, ಮೂರನೆಯ ಸಲಕ್ಕೆ ಸಿಗುತ್ತದೆ. ಪಟ್ಟಿಯನ್ನೂ ತ್ರಿಕೋನವನ್ನೂ ಆರಿಸಿ ಬೆಸೆಯುತ್ತಾರೆ. ಒಳಗಿನ ಗೆರೆಗಳು ಕರಗಿ ಒಂದೇ ಅಂಚು ಉಳಿಯುತ್ತದೆ. ಯಂತ್ರ ಕಿರ್ರೆಂದು ಓಡುತ್ತದೆ. ಯಜಮಾನರು ಬಾಣದ ತುದಿಯನ್ನು ಉಗುರಿನಿಂದ ಎತ್ತಿ ಎಳೆಯುತ್ತಾರೆ. ತಲೆಯಿಂದ ಬಾಲದವರೆಗೆ ಇಡಿಯಾಗಿ ಬರುತ್ತದೆ.

“ನಾಳೆ ಒಂಬತ್ತಕ್ಕೆ ಬನ್ನಿ. ತಡ ಮಾಡ್ಬೇಡಿ.” ಅಷ್ಟು ಹೇಳಿ ಅವರು ದೀಪ ಹಾಕಲು ಹೋಗುತ್ತಾರೆ.

ಚೌಕದಕ್ಕ ಈಗ ಕೈ ಬಿಚ್ಚುತ್ತಾರೆ. ಅಂಗೈಯಲ್ಲಿ ಉಗುರಿನ ಗುರುತುಗಳಿವೆ. ಅಂಗಡಿಯಲ್ಲೊಂದು ರೂಢಿಯಿದೆ: ಕಲಿತು ಹೊರಡುವವರು ತಮ್ಮ ಮೊದಲ ಸರಿಯಾದ ವೃತ್ತವನ್ನು ಉಳಿದ ಚೂರು ಹಾಳೆಯಲ್ಲಿ ಕತ್ತರಿಸಿ ಹಿಂಬಾಗಿಲಿಗೆ ಅಂಟಿಸಬೇಕು. ಕೆಂಪು, ಹಸಿರು, ಹಳದಿ, ಇಲ್ಲಿಯವರೆಗೆ ಇನ್ನೂರ ಹದಿಮೂರು. ಪೇಂಟರಣ್ಣನ ನೀಲಿ ವೃತ್ತ ಇನ್ನೂರ ಹದಿನಾಲ್ಕನೆಯದು. ಜಾಗ ಹುಡುಕುತ್ತಾ ಅವರ ಕಣ್ಣು ಮೂಲೆಯ ಒಂದು ಕಪ್ಪು ಆಕಾರದ ಮೇಲೆ ನಿಲ್ಲುತ್ತದೆ.

“ಇದ್ಯಾರದಮ್ಮ, ಮೊಟ್ಟೆ ತರ ಇದೆ?”

“ನಂದೇ ಅಣ್ಣ, ಎಲ್ಲಕ್ಕಿಂತ ಮೊದಲನೇದು. ಶಿಫ್ಟ್ ಒತ್ತಬೇಕು ಅಂತ ನನಗ್ಯಾರೂ ಹೇಳಿರ್ಲಿಲ್ಲ.” ಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪೊರಕೆ ಕೈಗೆತ್ತಿಕೊಂಡು ಅವರು ಹೇಳುತ್ತಾರೆ: “ಆಮೇಲೆ ಬಂದಿದ್ರಲ್ಲಿ ಒಂದೂ ಮೊಟ್ಟೆ ಇಲ್ಲ, ನೋಡಿ ಬೇಕಾದ್ರೆ.”