ಕಾಗುಣಿತ ಹೇಳುವ ಗೋಡೆ

ಜೆರಾಲ್ಡನ ಟೂಲ್‌ಬ್ಯಾಗಿಗೆ ಕೈ ಹಾಕಿದರೆ ಸ್ಕ್ರೂಡ್ರೈವರಿಗಿಂತ ಮೊದಲು ಸಿಗುವುದು ಊದುಬತ್ತಿಯ ಪ್ಯಾಕೆಟ್ಟು. ಕರಾವಳಿಯ ಪಾಂಬೂರಿನ ಇಗರ್ಜಿಯಲ್ಲಿ ಜ್ಞಾನಸ್ನಾನವಾದವನು, ಈಗ ಐವತ್ತು ದಾಟಿದ ಗೃಹಸ್ಥ. ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಸಂಸಾರ, ಭಾನುವಾರ ತಪ್ಪದೆ ಚರ್ಚು. ಇಂಥವನಿಗೆ ಊದುಬತ್ತಿ ಯಾಕೆ ಎಂದು ಕೇಳಿದವರಿಗೆಲ್ಲ ಅವನು ಒಂದೇ ಉತ್ತರ ಕೊಡುತ್ತಾನೆ: ಹೊಟ್ಟೆಪಾಡು.

ಅವನ ಹೊಟ್ಟೆಪಾಡು ಎಂದರೆ ಹಳೆಯ ಮನೆಗಳ ಡಕ್ಟು ರಿಪೇರಿ. ಈ ದೇಶದಲ್ಲಿ ಮನೆ ಕಟ್ಟುವಾಗಲೇ ತಾರಸಿಯ ಕೆಳಗೆ ತಗಡಿನ ದೊಡ್ಡ ಕೊಳವೆಗಳನ್ನು ಎಳೆದು, ಅವು ಕಣ್ಣಿಗೆ ಬೀಳದಂತೆ ಕೆಳಗೊಂದು ಬಿಳಿಯ ಸೀಲಿಂಗು ಹಾಕುತ್ತಾರೆ. ಎ.ಸಿ.ಯ ತಂಪು ಆ ಕೊಳವೆಗಳಲ್ಲಿ ಹರಿದು ಕೋಣೆ ಕೋಣೆಗೂ ಬರಬೇಕು. ಮನೆಗೆ ವಯಸ್ಸಾದಂತೆ ಕೊಳವೆಯ ಕೀಲುಗಳಿಗೆ ಸುತ್ತಿದ ಟೇಪು ಒಣಗಿ ಉದುರುತ್ತದೆ, ತಂಪೆಲ್ಲ ಸೀಲಿಂಗಿನ ಮೇಲಿರುವ ಹಲ್ಲಿಗಳ ಪಾಲಾಗುತ್ತದೆ, ಕೆಳಗಿನ ಮನುಷ್ಯ ಕೂತಲ್ಲೇ ಬೆವರುತ್ತಾನೆ. ಎಲ್ಲರ ಮನೆ ದೋಸೆಯೂ ತೂತೇ ಎನ್ನುವ ಗಾದೆಯನ್ನು ಜೆರಾಲ್ಡ್ ತನ್ನ ಕಸುಬಿಗೆ ಒಗ್ಗಿಸಿಕೊಂಡು, ಎಲ್ಲರ ಮನೆ ಡಕ್ಟೂ ತೂತೇ ಎನ್ನುತ್ತಾನೆ. ಆ ತೂತು ಹುಡುಕುವುದಕ್ಕೆ ಊದುಬತ್ತಿ. ಹೊಗೆ ನೆಟ್ಟಗೆ ಏರಿದರೆ ಎಲ್ಲ ಸರಿ. ಅಡ್ಡ ಹಾರಿದರೆ ಅಲ್ಲಿ ತಂಪು ಸೋರುತ್ತಿದೆ. ಯಾವುದೋ ಸಂದಿಗೆ ಸುರ್ರೆಂದು ನುಗ್ಗಿದರೆ ಕೊಳವೆ ಅಲ್ಲಿಂದ ಬೇಡದ ಗಾಳಿಯನ್ನು ಎಳೆದುಕೊಳ್ಳುತ್ತಿದೆ ಎಂದು ಅರ್ಥ.

ಕಂಪನಿಯವರು ಇದಕ್ಕೆಂದೇ ಹೊಗೆ ಉಗುಳುವ ಒಂದು ಯಂತ್ರ ಕೊಟ್ಟಿದ್ದರು. ಇಂಟರ್‌ನ್ಯಾಷನಲ್ ಸಿಟಿಯ ಒಂದು ಬ್ಲಾಕಿನಲ್ಲಿ ಅವನು ಅದನ್ನು ಮೊದಲ ಸಲ ಚಾಲೂ ಮಾಡಿದಾಗ ಬೆಂಕಿಯ ಅಲಾರಂ ಹೊಡೆದುಕೊಂಡು, ಬ್ಯಾಚುಲರುಗಳೆಲ್ಲ ಉಟ್ಟ ಟವೆಲಿನಲ್ಲೇ ರಸ್ತೆಗೆ ಇಳಿದಿದ್ದರು. ಒಬ್ಬ ಮಾತ್ರ ಬಿರಿಯಾನಿಯ ಪಾತ್ರೆಯನ್ನೂ ಹೊತ್ತು ತಂದಿದ್ದ. ಅವನ ವಿವೇಕವನ್ನು ಜೆರಾಲ್ಡ್ ಇಂದಿಗೂ ಹೊಗಳುತ್ತಾನೆ. ಅಂದಿನಿಂದ ಯಂತ್ರ ಗೋಡೌನಿಗೆ ಹೋಯಿತು, ಊದುಬತ್ತಿ ಬ್ಯಾಗಿಗೆ ಬಂತು. ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುವ ಹೆಂಡತಿ ಜೋಯ್ಲಿನ್‌ಗೆ ಮಾತ್ರ ಇದು ತಲೆನೋವು. ಚರ್ಚಿನಲ್ಲಿ ಗಂಡನ ಪಕ್ಕ ಕೂತರೆ ದೇವಸ್ಥಾನದ ಗರ್ಭಗುಡಿ ಘಮಘಮಿಸಿದಂತಾಗಿ ಜನ ತಿರುಗಿ ನೋಡುತ್ತಾರೆ ಎಂದು ಅವಳ ದೂರು. ದೇವರಿಗೆ ಮೂಗು ಒಂದೇ ಎಂದು ಜೆರಾಲ್ಡ್ ಸಮಾಧಾನ ಹೇಳುತ್ತಾನೆ.

ಅವನ ಇನ್ನೊಂದು ತೊಡಕು ಮಾತಿನದು. ಅವನ ಮನೆಮಾತಾದ ಕೊಂಕಣಿಯಲ್ಲಿ ಗಾಳಿ ಎಂದರೆ ಬೈಗುಳ. ಸೈಟಿನಲ್ಲಿ ಆಡುವ ಹಿಂದಿಯಲ್ಲೂ ಹೆಚ್ಚುಕಡಿಮೆ ಅದೇ. ಪೇಶಾವರದ ಫೋರ್‌ಮನ್ನನ ಮುಂದೆ ನಿಂತು ಕೊಳವೆಯಿಂದ ಗಾಳಿ ಬರುತ್ತಿದೆ ಎಂದರೆ, ಯಾರು ಯಾರಿಗೆ ಬೈದರು ಎಂಬ ವಿಚಾರಣೆ ಶುರುವಾಗುತ್ತದೆ. ಹಾಗಾಗಿ ದಿನವಿಡೀ ಹವಾ ಹವಾ ಎಂದು ನಾಲಿಗೆ ಬಿಗಿಹಿಡಿದಿರುವ ಅವನು, ಕನ್ನಡದವರ ಮನೆ ಸಿಕ್ಕಿದರೆ ಮಾತ್ರ ಶಾಲೆಯಲ್ಲಿ ಕಲಿತ ಆ ಪದವನ್ನು ಬಾಯ್ತುಂಬ ಆಡುತ್ತಿದ್ದ. ಕನ್ನಡದಲ್ಲೂ ಅದಕ್ಕೆ ಇನ್ನೊಂದು ಅರ್ಥವಿದೆ, ಅದು ಬೈಗುಳಕ್ಕಿಂತ ಅಪಾಯದ್ದು ಎಂದು ಅವನಿಗೆ ತಿಳಿದದ್ದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಮನೆಯಲ್ಲಿ.

ಅದೊಂದು ಹಳೆಯ ವಿಲ್ಲಾ. ಮಾಲೀಕ ಒಳಗೆ ಗೋಡೆಗಳನ್ನು ಎಬ್ಬಿಸಿ ಬೇರೆ ಬೇರೆ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ. ಒಂದು ಪಾಲಿನಲ್ಲಿ ಇದ್ದವನು ಮೈಸೂರಿನ ದ್ವಾರಕನಾಥ. ಅವನಿಗೂ ಹೆಂಡತಿಗೂ ಆಫೀಸು, ಮಗಳು ಮಾನ್ಯ ಇನ್ನೂ ಪ್ರೈಮರಿ ಶಾಲೆ. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಬಂದಿದ್ದವರು ಅವನ ತಾಯಿ ಚಾಮುಂಡೇಶ್ವರಿ. ದೂರು ಇಷ್ಟೇ: ತಾಯಿಯ ಕೋಣೆಗೆ ತಂಪು ಬರುವುದಿಲ್ಲ, ಧೂಳು ಮಾತ್ರ ಬರುತ್ತದೆ. ದ್ವಾರಕನಾಥ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಿದ್ದ. ಕೋಣೆ ತೋರಿಸಿ, ಲ್ಯಾಪ್‌ಟಾಪ್ ತೆರೆದು, ರಜೆಯಲ್ಲೂ ಬಿಡದ ಮೀಟಿಂಗಿಗೆ ಹಾಲಿನಲ್ಲಿ ಕೂತ.

ಜೆರಾಲ್ಡ್ ಎ.ಸಿ.ಯ ಫ್ಯಾನನ್ನು ಜೋರಾಗಿ ಇಟ್ಟು ಏಣಿ ಹತ್ತಿ ಊದುಬತ್ತಿ ಹಚ್ಚಿದ. ಚಾಮುಂಡೇಶ್ವರಿ ಕೆಳಗೆ ಕೈಮುಗಿದು ನಿಂತರು. ಅದೇನೂ ಅವನಿಗೆ ಹೊಸದಲ್ಲ. ಹೊಗೆ ಕೋಣೆಯ ಮೂಲೆಮೂಲೆಗೆ ಸುತ್ತಿ, ಪಕ್ಕದ ಮನೆಯ ಕಡೆಯ ಗೋಡೆ ಸೀಲಿಂಗಿಗೆ ಸೇರುವ ಸಂದಿಗೆ ಒಮ್ಮೆಲೇ ನುಗ್ಗಿತು. ಬೇಗ ಸಿಕ್ಕಿತಲ್ಲ ಎಂದು ಜೆರಾಲ್ಡನಿಗೆ ಖುಷಿ.

"ಇಲ್ಲೇ ಉಂಟು ಅಮ್ಮ" ಎಂದ. "ಜೋರು ಗಾಳಿ ಉಂಟು. ಇವತ್ತು ನಾನು ಇದನ್ನು ಪೂರ್ತಿ ನಿಲ್ಲಿಸಿಯೇ ಹೋಗುದು."

ಆಕೆ ಮಂಚದ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು.

"ನಿನಗೂ ಗೊತ್ತಾಯ್ತೇನಪ್ಪಾ? ನಾನು ಹೇಳಿ ಹೇಳಿ ಸಾಕಾಯ್ತು, ಒಬ್ಬರೂ ನಂಬಲಿಲ್ಲ."

ಆಮೇಲೆ ಆಕೆ ಹೇಳಿದ್ದನ್ನು ಕೇಳಿ ಜೆರಾಲ್ಡನ ಒಂದು ಕಾಲು ಏಣಿಯಿಂದ ಜಾರಿತು. ಮಧ್ಯಾಹ್ನದ ಹೊತ್ತು ಈ ಗೋಡೆ ಮಾತಾಡುತ್ತದೆ. ಹೆಣ್ಣಿನ ದನಿ. ಅಳುವುದಿಲ್ಲ, ಹೆದರಿಸುವುದಿಲ್ಲ, ಅಚ್ಚ ಕನ್ನಡದಲ್ಲಿ ಕಾಗುಣಿತ ಹೇಳುತ್ತದೆ. ಕೆಲವು ದಿನ ಒತ್ತಕ್ಷರ. ಗಾಳಿ ಹೋಗಲಿ ಎಂದು ಆಕೆ ದಿನವೂ ವಿಷ್ಣು ಸಹಸ್ರನಾಮ ಹೇಳಿ ನೋಡಿದ್ದರು, ಅದು ಜಗ್ಗಲಿಲ್ಲ. ಕೋಳಿ ಕೇಳುವ ಭೂತ, ಸೇಂದಿ ಕೇಳುವ ಭೂತ ಎಲ್ಲವನ್ನೂ ಜೆರಾಲ್ಡ್ ಊರಿನಲ್ಲಿ ಕೇಳಿ ಬಲ್ಲ. ಮಗ್ಗಿ ಕಾಗುಣಿತ ಹೇಳಿಕೊಡುವ ಭೂತವನ್ನು ಅವನ ಹಿರಿಯರೂ ಕಂಡಿರಲಾರರು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ಈಕೆಗೆ ಎಪ್ಪತ್ತೂ ದಾಟಿದೆ, ಪಾಪ ಒಳ್ಳೆಯ ಅಮ್ಮ ಎಂದುಕೊಂಡ. ನಕ್ಕು ತಲೆಯಾಡಿಸಿದ. ಅಲ್ಲಿಗೆ ಅವನೂ ಆಕೆಯನ್ನು ನಂಬದವರ ಸಾಲಿಗೆ ಸೇರಿದ ಹಾಗಾಯಿತು.

ಗಾಳಿ ಎಂಬ ಮಾತು ಹಾಲಿಗೂ ಕೇಳಿಸಿತ್ತು. ದ್ವಾರಕನಾಥ ಮೀಟಿಂಗನ್ನು ಮ್ಯೂಟ್ ಮಾಡಿ ಜೆರಾಲ್ಡನನ್ನು ಹಾಲಿಗೆ ಕರೆದು ತಗ್ಗಿದ ದನಿಯಲ್ಲಿ ತರಾಟೆಗೆ ತೆಗೆದುಕೊಂಡ. ಎ.ಸಿ. ಮೆಕ್ಯಾನಿಕ್ಕೋ ದೆವ್ವ ಬಿಡಿಸುವವನೋ ಎಂದು ಕೇಳಿದ. ಪಕ್ಕದ ಮನೆಯವರು ಮಲಯಾಳಿಗಳು, ಅಲ್ಲಿಂದ ಕನ್ನಡ ಬರುವುದಕ್ಕೆ ಸಾಧ್ಯವೇ ಇಲ್ಲ. ಅಮ್ಮ ಕರೆದಾಗಲೆಲ್ಲ ತಾನೇ ಬಂದು, ಮಂಡಿನೋವೆಂದು ಅವಳು ಹಗಲೆಲ್ಲ ಆರಿಸಿಡುವ ಎ.ಸಿ. ಹಾಕಿ, ಕೋಣೆಯಲ್ಲಿ ಕೂತು ಕಿವಿಗೊಟ್ಟಿದ್ದೇನೆ, ಏನೂ ಕೇಳಿಸಿಲ್ಲ. ಡಾಕ್ಟರಿಗೆ ತೋರಿಸಿ ಆಗಿದೆ. ಮಗುವನ್ನು ಅಜ್ಜಿಯ ಹತ್ತಿರ ಒಂಟಿಯಾಗಿ ಬಿಡುವುದನ್ನು ನಿಲ್ಲಿಸಿದ್ದೇವೆ, ಶಾಲೆ ಬಿಟ್ಟ ಮೇಲೂ ಸಂಜೆಯ ತನಕ ಅವಳು ಡೇ ಕೇರಿನಲ್ಲೇ ಇರುತ್ತಾಳೆ. ಈ ವಾರದ ಕೊನೆಗೆ ಅಮ್ಮನನ್ನು ಹಾಸನಕ್ಕೆ, ಅಕ್ಕನ ಮನೆಗೆ ಕಳಿಸುವುದು, ಟಿಕೆಟ್ಟೂ ಆಗಿದೆ.

"ಅಮ್ಮ ಕಷ್ಟಪಟ್ಟು ಒಪ್ಪಿದಾಳೆ. ನೀವು ಬಂದು ಗಾಳಿ ಇದೆ ಅಂದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ."

ದ್ವಾರಕನಾಥ ಕೆಟ್ಟವನಲ್ಲ. ತಾಯಿಯ ತಲೆ ಕೈಕೊಡುತ್ತಿದೆ ಎಂದು ನಂಬಿದ ಮಗ ಏನು ಮಾಡುತ್ತಾನೋ ಅದನ್ನೇ ಮಾಡಿದ್ದ. ತಾನು ಹೇಳಿದ್ದು ಬರೀ ಗಾಳಿ, ಉಸಿರಾಡುವ ಗಾಳಿ ಎಂದು ಜೆರಾಲ್ಡ್ ತಡವರಿಸಿದ. ಅವನಿಗೆ ತನ್ನ ಬಾಯಿಯ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಬಾಯಿ ತಪ್ಪಿದರೆ ಕೈಯಾದರೂ ಸರಿಯಾಗಿ ಕೆಲಸ ಮಾಡಲಿ ಎಂದು ಕೋಣೆಗೆ ವಾಪಸು ಬಂದ.

ಚಾಮುಂಡೇಶ್ವರಿ ಸೂಟ್‌ಕೇಸಿಗೆ ಸೀರೆ ಜೋಡಿಸುತ್ತಿದ್ದರು. ಹಾಲಿನಲ್ಲಿ ಆಡಿದ ಮಾತು ಅವರಿಗೂ ಕೇಳಿಸಿರಬೇಕು.

"ನೀನು ಬೇಜಾರು ಮಾಡ್ಕೋಬೇಡಪ್ಪ. ನನಗೇ ಈಗ ನನ್ನ ಮೇಲೆ ನಂಬಿಕೆ ಹೋಗಿದೆ. ಮಗೂನ ನನ್ನ ಹತ್ರ ಬಿಡೋಕೆ ಹೆದರ್ತಾರಲ್ಲ, ಅದೊಂದು ತಡಕೊಳೋಕಾಗಲ್ಲ."

ಜೆರಾಲ್ಡ್ ಸೀಲಿಂಗಿನ ಒಂದು ಹಲಗೆ ಸರಿಸಿ, ಡಕ್ಟಿಗೆ ಕೈ ಹಾಕುವ ಮುಂಚೆ ಯಾವಾಗಲೂ ಮಾಡುವಂತೆ ಎ.ಸಿ. ಆರಿಸಿದ. ಅಷ್ಟು ಹೊತ್ತು ಗುಂಯ್‌ಗುಡುತ್ತಿದ್ದ ಫ್ಯಾನು ನಿಂತು ಕೋಣೆ ನಿಶ್ಶಬ್ದವಾಯಿತು. ಟಾರ್ಚು ಹಾಕಿ ನೋಡಿದರೆ, ವಿಲ್ಲಾ ಒಂದೇ ಮನೆಯಾಗಿದ್ದ ಕಾಲದ ಹಳೆಯ ಡಕ್ಟು ಈ ಕೋಣೆಯಿಂದ ಗೋಡೆ ದಾಟಿ ಸೀದಾ ಪಕ್ಕದ ಮನೆಗೆ ಹೋಗಿದೆ. ಮನೆ ಪಾಲಾದಾಗ ಯಾರೋ ಅದರ ಬಾಯಿಗೆ ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಟೇಪು ಹಚ್ಚಿ ಕೈತೊಳೆದುಕೊಂಡಿದ್ದಾರೆ. ಟೇಪು ಒಣಗಿದೆ, ರಟ್ಟು ಮಗುಚಿ ಬಿದ್ದಿದೆ. ಇಂಥ ಕಳ್ಳಕೆಲಸಕ್ಕೆ ಒಂದು ಕೊಂಕಣಿ ಗಾಳಿಯನ್ನು ಅವನು ನಾಲಿಗೆಯ ತುದಿಗೆ ತಂದುಕೊಳ್ಳುತ್ತಿದ್ದಾಗಲೇ ಕಿವಿಯ ಬುಡದಲ್ಲಿ ಯಾರೋ ಮಾತಾಡಿದರು.

"ಬಾಯಿ ಬಿಟ್ಟು ಹೇಳು, ಮಗಾ. ಕ. ಕಾ. ಕಿ. ಕೀ."

ಜೆರಾಲ್ಡ್ ಮೊದಲು ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಬುದ್ಧಿ ನೆಟ್ಟಗಾಯಿತು. ಮಂಡಿನೋವಿನ ಅಜ್ಜಿ ಹಗಲೆಲ್ಲ ಎ.ಸಿ. ಆರಿಸಿ ಕೂರುತ್ತಾರೆ, ಮಾತು ಕೇಳುತ್ತದೆ. ಮಗ ಬಂದವನೇ ಎ.ಸಿ. ಹಾಕುತ್ತಾನೆ, ಫ್ಯಾನಿನ ಸದ್ದು ಎಲ್ಲವನ್ನೂ ನುಂಗುತ್ತದೆ. ಗೋಡೆಗೆ ಕಿವಿ ಇರುತ್ತದೆ ಎಂದು ಕೇಳಿದ್ದ ಅವನು, ಬಾಯಿಯೂ ಇರುವ ಗೋಡೆಯನ್ನು ಈಗ ಕಂಡ.

ಸರ್, ಒಮ್ಮೆ ಬನ್ನಿ ಎಂದು ಮೆಲ್ಲಗೆ ಕರೆದ. ದ್ವಾರಕನಾಥ ಬಂದ. ಒಳಗೆ ಕಾಲಿಟ್ಟವನ ಕೈ ಅಭ್ಯಾಸಬಲದಿಂದ ಎ.ಸಿ.ಯ ಸ್ವಿಚ್ಚಿಗೆ ಹೋಯಿತು. ಜೆರಾಲ್ಡ್ ಏಣಿಯ ಮೇಲಿನಿಂದಲೇ ಬೇಡ ಎಂದು ಕೈಯಾಡಿಸಿದ. ಮೂವರೂ ಸೀಲಿಂಗಿನತ್ತ ಕಿವಿಗೊಟ್ಟರು. ದನಿ ಮತ್ತೆ ಬಂತು. ಕು, ಕೂ. ಅದರ ಹಿಂದೆಯೇ ಕಂಪ್ಯೂಟರಿನೊಳಗಿಂದ ಬರುವಂಥ ಒಂದು ಪುಟ್ಟ ದನಿ ಅದನ್ನೇ ಹೇಳಿ, ಅಲ್ಲಿಗೆ ನಿಂತಿತು. ಕೂ ಆದ ಮೇಲೆ ಏನು ಎಂದು ದೊಡ್ಡ ದನಿ ಕೇಳಿತು. ಪುಟ್ಟ ದನಿಗೆ ಗೊತ್ತಿಲ್ಲ. ದೊಡ್ಡ ದನಿ ಇನ್ನೊಮ್ಮೆ ಕೇಳಿತು.

ಚಾಮುಂಡೇಶ್ವರಿ ಸೀಲಿಂಗಿನತ್ತ ಮುಖವೆತ್ತಿ ಗಟ್ಟಿಯಾಗಿ ಹೇಳಿದರು:

"ಕೃ."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ನಡುಗುವ ದನಿಯಲ್ಲಿ ಯಾರದು ಎಂಬ ಪ್ರಶ್ನೆ ಬಂತು. ಹೆದರಬೇಡಿ, ನಾವು ಪಕ್ಕದ ಮನೆಯಲ್ಲಿದ್ದೇವೆ, ಡಕ್ಟು ತೂತಾಗಿದೆ ಎಂದು ಜೆರಾಲ್ಡ್ ಕೊಳವೆಯೊಳಗೆ ಬಾಯಿಟ್ಟು ಕೂಗಿ ಹೇಳಿದ.

ಮಕ್ಕಳಿಗೆ ಬರೆಯುವ ಕೆಲಸ ಕೊಟ್ಟು ಆ ಹೆಂಗಸು ಓಡಿಬಂದು ಬಾಗಿಲು ತಟ್ಟಿದಳು. ಹೆಸರು ನಫೀಸ, ಊರು ಉಪ್ಪಿನಂಗಡಿ. ಅಲ್ಲಿ ಕನ್ನಡ ಟೀಚರಾಗಿದ್ದವಳು, ಇಲ್ಲಿ ಮಧ್ಯಾಹ್ನ ಶಾಲೆ ಮುಗಿಸಿ ಬರುವ ಕನ್ನಡದ ಮಕ್ಕಳಿಗೆ ಆನ್‌ಲೈನಿನಲ್ಲಿ ಅಕ್ಷರ ಕಲಿಸುತ್ತಾಳೆ. ಅವಳು ಗಂಡನೊಂದಿಗೆ ಆಡುವ, ಮಲಯಾಳದ ಹಾಗೆ ಕೇಳಿಸುವ ಬ್ಯಾರಿ ಮಾತು ಕಿವಿಗೆ ಬಿದ್ದು ದ್ವಾರಕನಾಥ ಇವರನ್ನು ಮಲಯಾಳಿಗಳ ಲೆಕ್ಕಕ್ಕೆ ಹಾಕಿದ್ದ. ಒಂದೇ ಗೇಟಿನ ಮನೆಯಲ್ಲಿದ್ದೂ ಗುಡ್ ಮಾರ್ನಿಂಗಿನಿಂದ ಮುಂದಕ್ಕೆ ಹೋಗದಿದ್ದರೆ ಹೀಗೇ. ಅವಳೂ ಕಡಿಮೆಯೇನಲ್ಲ, ಇವರನ್ನು ಆಂಧ್ರದವರು ಎಂದುಕೊಂಡಿದ್ದಳು.

ನಫೀಸ ಚಾಮುಂಡೇಶ್ವರಿಯವರನ್ನೇ ನೋಡುತ್ತ ನಿಂತಳು. ಆಮೇಲೆ ಕೇಳಿದಳು:

"ದಿನಾ ಎಂತದೋ ಮಂತ್ರ ಹೇಳುದು ನೀವಾ ಅಮ್ಮ? ನಂಗೂ ಕೇಳ್ತಿತ್ತು. ಒಬ್ರು ಅಜ್ಜಿಯ ಸ್ವರ. ಮನೆಯವ್ರಿಗೆ ಹೇಳಿದ್ರೆ ನಕ್ಕುಬಿಟ್ರು. ಮತ್ತೆ ನಾನು ಯಾರತ್ರವೂ ಹೇಳ್ಲಿಲ್ಲ."

ಚಾಮುಂಡೇಶ್ವರಿ ಅವಳ ಎರಡೂ ಕೈ ಹಿಡಿದುಕೊಂಡು ನಗತೊಡಗಿದರು, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ದೆವ್ವವೆಂದು ತಿಳಿದು ಹೆದರಿದ್ದರು. ಆದರೆ ಚಿಕ್ಕ ವಯಸ್ಸಿನ ಹೆಂಗಸು ಗೋಡೆ ಮಾತಾಡುತ್ತದೆ ಎಂದರೆ ಅದು ತಮಾಷೆ, ಮುದುಕಿ ಅಂದರೆ ಅದು ಕಾಯಿಲೆ. ಇದು ನ್ಯಾಯವಲ್ಲ ಎಂದು ಏಣಿಯ ಮೇಲಿದ್ದ ಜೆರಾಲ್ಡನಿಗೆ ಅನಿಸಿತು. ಸ್ವಲ್ಪ ಹೊತ್ತಿನ ಹಿಂದೆ ತಾನೂ ನಕ್ಕು ತಲೆಯಾಡಿಸಿದ್ದು ಮನಸ್ಸಿಗೆ ಬಂದು ನಾಚಿಕೆಯಾಯಿತು.

ಪಾಠ ಅರ್ಧದಲ್ಲಿದೆ ಎಂದು ನಫೀಸ ಹೊರಟಳು. ಹೊರಡುವಾಗ, ಡಕ್ಟು ಮುಚ್ಚಿದರೂ ಬಾಗಿಲು ಉಂಟಲ್ಲ, ಬನ್ನಿ ಎಂದು ಕರೆದು ಹೋದಳು. ಜೆರಾಲ್ಡ್ ತಗಡು ಕತ್ತರಿಸಿ, ಹಳೆಯ ಡಕ್ಟಿನ ಬಾಯಿಗೆ ಭದ್ರವಾಗಿ ಕೂರಿಸಿ, ಅಂಚಿಗೆ ಅಂಟು ಬಳಿದ.

ದ್ವಾರಕನಾಥ ಬಾಗಿಲ ಹತ್ತಿರವೇ ನಿಂತಿದ್ದ. ಮೊಬೈಲು ತೆಗೆದು, ಟಿಕೆಟ್ಟು ಈಗಲೇ ಕ್ಯಾನ್ಸಲ್ ಮಾಡುತ್ತೇನೆ ಎಂದ. ಚಾಮುಂಡೇಶ್ವರಿ ಸೂಟ್‌ಕೇಸನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿದರು.

"ಟಿಕೆಟ್ ಇರಲಿ, ಆಮೇಲೆ ನೋಡೋಣ. ಮೊದಲು ಹೋಗಿ ಮಗೂನ ಕರ್ಕೊಂಡು ಬಾ."

ಡೇ ಕೇರ್ ಬಿಡುವುದಕ್ಕೆ ಇನ್ನೂ ಸಮಯವಿದೆ, ಸಂಜೆ ತಾನೇ ಹೋಗಿ ಕರೆತರುತ್ತೇನೆ ಎಂದು ಅವನು ಶುರುಮಾಡಿದ.

"ಈಗ ಕರ್ಕೊಂಡು ಬಾ. ಅಜ್ಜಿ ಹತ್ರ ಇರ್ತಾಳೆ ಅಂತ ಹೇಳಿ ಕರ್ಕೊಂಡು ಬಾ."

ದ್ವಾರಕನಾಥ ಮೀಟಿಂಗನ್ನು ಅದರ ಪಾಡಿಗೆ ಬಿಟ್ಟು ಕಾರಿನ ಕೀ ತೆಗೆದುಕೊಂಡು ಹೊರಟ.